ಸೂಜಿ ಹಾಕಿಸ್ಕೊಂಡ್ರೂ ಬಂತಲ್ಲ, ಈಗೆಂತ ಹೇಳ್ತೀಯ?

ಕಾಲೇಜು ಫೆಸ್ಟ್‌ನ ಡಿಬೇಟ್‌ಗೆ ಹೆಸರು ಕೊಟ್ಟಿದ್ದು ನಾನಲ್ಲ, ನನ್ನ ರೂಮ್‌ಮೇಟ್. ಅವಳಿಗೆ ಅದೇ ದಿನ ಇಂಟರ್ನ್‌ಶಿಪ್ ಟೆಸ್ಟ್ ಬಂತು. 'ನೀನು ಹೇಗೂ ಇಡೀ ದಿನ ಮಾತಾಡ್ತಾನೇ ಇರ್ತೀಯ, ನನ್ನ ಬದಲು ಹೋಗೇ' ಎಂದು ತಳ್ಳಿಬಿಟ್ಟಳು. ಡಬ್ಬಿಗೆ ಕೈಹಾಕಿ ಚೀಟಿ ಎತ್ತಿದರೆ 'ಲಸಿಕೆ ಕಡ್ಡಾಯ ಮಾಡಬೇಕು: ಪರ' ಎಂದಿತ್ತು. ತಯಾರಿಗೆ ಒಂದು ಗಂಟೆ ಸಮಯ.

ಪರವಾಗಿ ಮಾತಾಡುವುದು ಸುಲಭ ಎಂದುಕೊಂಡೆ. ಸಿಡುಬು ಭೂಮಿಯಿಂದಲೇ ತೊಲಗಿದ ಕತೆ ಇದೆ, ಪೋಲಿಯೋ ಇದೆ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ವೈಲ್ಡ್ ಪೋಲಿಯೋ ವೈರಸ್ ಸೋಂಕಿನ ಪ್ರಕರಣ ಬಂದಿಲ್ಲ, 2014ರಲ್ಲಿ ನಾವು ಪೋಲಿಯೋಮುಕ್ತ ಎನಿಸಿಕೊಂಡೆವು. ಇವನ್ನೆಲ್ಲ ಏರುದನಿಯಲ್ಲಿ ಹೇಳಿದೆ. ಚಪ್ಪಾಳೆಯೂ ಬಿತ್ತು. ಆಮೇಲೆ ಎದುರು ತಂಡದ ಮೆಕ್ಯಾನಿಕಲ್ ಹುಡುಗ ಎದ್ದು ನಿಂತು, ದನಿ ಏರಿಸದೆ ಒಂದೇ ಪ್ರಶ್ನೆ ಕೇಳಿದ. 'ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೂ ಕೋವಿಡ್ ಬಂತು. ಅವರಿಂದ ಬೇರೆಯವರಿಗೂ ಹರಡಿತು. ಹಾಗಿದ್ದ ಮೇಲೆ ಹಾಕಿಸಿಕೊಳ್ಳದವನನ್ನು ಮಾತ್ರ ಬಾಗಿಲಲ್ಲಿ ತಡೆದು ನಿಲ್ಲಿಸಿದ್ದು ಯಾಕೆ?'

'ಸೀಟ್ ಬೆಲ್ಟ್ ಹಾಕಿಕೊಂಡವರೂ ಆಕ್ಸಿಡೆಂಟ್‌ನಲ್ಲಿ ಸಾಯುತ್ತಾರೆ, ಹಾಗಂತ ಬೆಲ್ಟ್ ಬೇಡವೇ?' ಎಂದೆ. ಸಭಾಂಗಣ ನಕ್ಕಿತು. ಎರಡನೇ ಬಹುಮಾನವೂ ಬಂತು, ಒಂದು ಸ್ಟೀಲ್ ನೀರಿನ ಬಾಟಲಿ. ಆದರೆ ನಾನು ಉತ್ತರ ಕೊಟ್ಟಿಲ್ಲ, ತಪ್ಪಿಸಿಕೊಂಡಿದ್ದೇನೆ ಎಂದು ನನಗೆ ಗೊತ್ತಿತ್ತು. ಬೆಲ್ಟ್ ಕಾಯುವುದು ಹಾಕಿಕೊಂಡವನನ್ನು. ಆ ಹುಡುಗ ಕೇಳಿದ್ದು ಪಕ್ಕದವನ ಬಗ್ಗೆ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು ವಿಷಯ. ಅದೇ ಪ್ರಶ್ನೆಯನ್ನು ನನ್ನ ಅಪ್ಪ ನಾಲ್ಕು ವರ್ಷ ಹಿಂದೆಯೇ ಕೇಳಿದ್ದರು. ಆಗಲೂ ನನ್ನ ಬಳಿ ಉತ್ತರ ಇರಲಿಲ್ಲ.

ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮನೆ, ಮುಂದೆ ಅಂಗಳ, ಕೆಳಗೆ ಅಡಿಕೆ ತೋಟ, ಹಿಂದೆ ಕಾಡು. 2021ರ ಡಿಸೆಂಬರ್‌ನಲ್ಲಿ ನಾನು ಫಸ್ಟ್ ಪಿಯುಸಿ. ಆ ತಿಂಗಳ 2ನೇ ತಾರೀಕು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಪತ್ತೆಯಾಗಿದ್ದು ನಮ್ಮ ಬೆಂಗಳೂರಿನಲ್ಲಿ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ವಿದೇಶಕ್ಕೆ ಹೋಗಿರದ ಒಬ್ಬ ವೈದ್ಯರು. ಇಬ್ಬರೂ ಎರಡೂ ಡೋಸ್ ಹಾಕಿಸಿಕೊಂಡಿದ್ದರು. ಮರುದಿನವೇ ರಾಜ್ಯ ಸರ್ಕಾರ ಹೊಸ ನಿಯಮ ತಂದಿತು: ಮಾಲ್, ಚಿತ್ರಮಂದಿರಕ್ಕೆ ಎರಡು ಡೋಸ್ ಆದವರಿಗೆ ಮಾತ್ರ ಪ್ರವೇಶ, ಮಕ್ಕಳು ಶಾಲೆ-ಕಾಲೇಜಿಗೆ ಬರಬೇಕಾದರೆ ಅಪ್ಪ-ಅಮ್ಮನಿಗೆ ಎರಡೂ ಡೋಸ್ ಆಗಿರಬೇಕು. ಈಗ ಎರಡೂ ಸುದ್ದಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಚಿತ್ರ ಅನ್ನಿಸುತ್ತದೆ. ಆಗ ನನಗೆ ಅನ್ನಿಸಿದ್ದು ಒಂದೇ, ನನ್ನ ಕಾಲೇಜು ಹೋಯಿತು!

ಯಾಕೆಂದರೆ ಅಪ್ಪ ಒಂದು ಡೋಸ್ ಕೂಡ ಹಾಕಿಸಿಕೊಂಡಿರಲಿಲ್ಲ.

ಅಮ್ಮನದು ಆಗಿತ್ತು. ನಮ್ಮೂರ ಆಶಾ ಅಕ್ಕ ನಾಲ್ಕೈದು ಸಲ ಮನೆಗೆ ಬಂದು, ಜಗಲಿ ಮೇಲೆ ಕೂತು, ಅಮ್ಮನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿದ್ದರು. ಜ್ವರ ಬರಬಹುದು, ಎರಡು ದಿನ ಕೈ ನೋಯಬಹುದು, ಹಾಕಿಸಿಕೊಂಡರೂ ಕೊರೊನಾ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಜೋರಾಗುವುದು ಕಡಿಮೆ ಎಂದು ಹೇಳಿ ಹೋಗಿದ್ದರು. ಅಪ್ಪ ಅವರು ಬಂದಾಗಲೆಲ್ಲ ತೋಟಕ್ಕೆ ಇಳಿದುಬಿಡುತ್ತಿದ್ದರು.

ಅಪ್ಪ ವಾಟ್ಸ್‌ಆ್ಯಪ್‌ನ ಗಾಳಿಸುದ್ದಿ ನಂಬಿ ಹೆದರಿದವರಲ್ಲ. ಅವರಲ್ಲಿ ಆಗ ಸ್ಮಾರ್ಟ್‌ಫೋನೇ ಇರಲಿಲ್ಲ. ಅವರ ಹಟಕ್ಕೆ ಕಾರಣ ನಮ್ಮ ಮನೆಯಲ್ಲೇ ಇತ್ತು, ದೊಡ್ಡಪ್ಪನ ರೂಪದಲ್ಲಿ. ಮಲೆನಾಡಿನವರಿಗೆ ಮಂಗನ ಕಾಯಿಲೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ವೈರಸ್ ರೋಗ ಇದು. ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆ ಒಂದು ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಮತ್ತೆ ಕೆಲವು ತಿಂಗಳ ನಂತರ ಬೂಸ್ಟರ್, ಅದಾದಮೇಲೆ ವರ್ಷ ವರ್ಷವೂ ಒಂದೊಂದು. ವಿಪರೀತ ನೋವು ಕೊಡುವ ಸೂಜಿ. ದೊಡ್ಡಪ್ಪ ಮೊದಲನೆಯದನ್ನು ಹಾಕಿಸಿಕೊಂಡು, ಎರಡು ದಿನ ಕೈ ಎತ್ತಲಾಗದೆ ಕೂತು, ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಎರಡನೆಯದಕ್ಕೆ ಹೋಗಲಿಲ್ಲ. ಮಾರ್ಚ್‌ನಲ್ಲಿ ದರಗು ತರಲು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಹದಿನೈದು ದಿನ ಆಸ್ಪತ್ರೆ. ಜೀವ ಉಳಿಯಿತು, ಆದರೆ ಆ ಮಳೆಗಾಲ ಮುಗಿಯುವವರೆಗೂ ತೋಟಕ್ಕೆ ಇಳಿಯುವ ಶಕ್ತಿ ಬರಲಿಲ್ಲ.

ಅಪ್ಪ ಅದರಿಂದ ಕಲಿತ ಪಾಠ ಒಂದೇ ಸಾಲಿನದು: 'ಸೂಜಿ ಹಾಕಿಸ್ಕೊಂಡ್ರೂ ಬಂತಲ್ಲ.'

ಆದ್ದರಿಂದ ಕಾಲೇಜಿನ ನೋಟಿಸ್ ತಂದು ತೋರಿಸಿದಾಗ ಅಪ್ಪ ಅದನ್ನು ಓದಿ, ಮಡಚಿ, ವಾಪಸ್ ಕೊಟ್ಟು ಕೇಳಿದರು: 'ಹಾಕಿಸ್ಕೊಂಡವ್ರಿಂದ ಹರಡಲ್ಲ ಅಂತ ಇದ್ರಲ್ಲಿ ಎಲ್ಲಾದ್ರೂ ಬರ್ದಿದಾರಾ ಮಗಾ? ಇಲ್ಲ ಅಲ್ವಾ? ಮತ್ತೆ ನಾನು ಹಾಕಿಸ್ಕೊಳ್ದೇ ಇದ್ರೆ ನಿಂಗ್ಯಾಕೆ ಕ್ಲಾಸಿಲ್ಲ?'

ಎರಡು ದಿನ ನಾನು ಕಾಲೇಜಿನ ಕಟ್ಟೆ ಮೇಲೆ ಕೂತಿದ್ದೆ. ಬಸ್ ಹತ್ತಿ ಹೋಗುವುದು, ಕಟ್ಟೆ ಮೇಲೆ ಕೂರುವುದು, ಸಂಜೆ ಬಸ್‌ಗೆ ವಾಪಸ್. ಕೊನೆಗೆ ಲೆಕ್ಚರರ್ ಒಬ್ಬರು ಕನಿಕರಪಟ್ಟು, ಒಂದು ಡೋಸ್ ಆದರೂ ಹಾಕಿಸಿ ಸರ್ಟಿಫಿಕೇಟ್ ತರಲಿ, ಎರಡನೆಯದಕ್ಕೆ ಮುಚ್ಚಳಿಕೆ ಬರೆದುಕೊಡಲಿ ಎಂದರು. ಮೂರನೇ ದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡು ಯಾರಿಗೂ ಹೇಳದೆ ಪಿಎಚ್‌ಸಿಗೆ ಹೋಗಿ ಕೋವಿಶೀಲ್ಡ್ ಹಾಕಿಸಿಕೊಂಡು ಬಂದರು. ಬಂದವರು ಕಾಗದವನ್ನು ಮೇಜಿನ ಮೇಲಿಟ್ಟು, 'ತಗ' ಎಂದರು. ಅಷ್ಟೇ. ಆ 'ತಗ' ಇವತ್ತಿಗೂ ನನಗೆ ಚುಚ್ಚುತ್ತದೆ.

ಜನವರಿಯಲ್ಲಿ ಮೂರನೇ ಅಲೆ ಬಂತು. ಅದೇ ತಿಂಗಳು ಹದಿನೈದು ದಾಟಿದವರಿಗೆ ಕೋವ್ಯಾಕ್ಸಿನ್ ಶುರುವಾಗಿ ನಾನೂ ಹಾಕಿಸಿಕೊಂಡೆ. ತಿಂಗಳ ಕೊನೆಗೆ ಅಪ್ಪನಿಗೆ ಜ್ವರ, ಮೈಕೈ ನೋವು. ಟೆಸ್ಟ್ ಪಾಸಿಟಿವ್. ಕೋಣೆಯೊಳಗಿಂದ ಕೆಮ್ಮುತ್ತಲೇ ಅಪ್ಪ ಕೇಳಿದರು: 'ಈಗೆಂತ ಹೇಳ್ತೀಯ?'

ಐದು ದಿನಕ್ಕೆ ಎದ್ದು ಓಡಾಡಿದರು. ಅದು ಲಸಿಕೆಯ ಉಪಕಾರವೋ, ಒಮೈಕ್ರಾನ್ ಮೊದಲಿನ ಡೆಲ್ಟಾದಷ್ಟು ಉಗ್ರ ಅಲ್ಲದ್ದರಿಂದಲೋ, ಒಬ್ಬರನ್ನು ನೋಡಿ ಹೇಳಲಾಗದು. ಎರಡನೇ ಡೋಸ್‌ಗೆ ಅಪ್ಪ ಹೋಗಲೇ ಇಲ್ಲ. ಅವಧಿ ಬರುವ ಹೊತ್ತಿಗೆ ಕಾಲೇಜಿನಲ್ಲಿ ಯಾರೂ ಕೇಳುತ್ತಲೂ ಇರಲಿಲ್ಲ, ಮುಚ್ಚಳಿಕೆ ಯಾವುದೋ ಫೈಲಿನಲ್ಲಿ ಉಳಿಯಿತು. ಜಗಲಿಯಲ್ಲಿ ಮಾತಾಡಿ ಒಪ್ಪಿದ್ದ ಅಮ್ಮ ಮಾತ್ರ ಮೂರನೆಯದನ್ನೂ ಹಾಕಿಸಿಕೊಂಡರು.

ಡಿಬೇಟ್ ಮುಗಿದ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು, ಸ್ಪರ್ಧೆಗೆ ಮೊದಲು ಓದಬೇಕಿದ್ದನ್ನು ಆಮೇಲೆ ಓದಿದೆ. (ನಮ್ಮ ಎಕ್ಸಾಂಗಳದೂ ಇದೇ ಹಣೆಬರಹ, ಬಿಡಿ.) ಮೊದಲು ನನಗೆ ಹಾಕಿದ ಲಸಿಕೆಯ ಬಗ್ಗೆಯೇ ಹುಡುಕಿದೆ. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗದಲ್ಲಿ ಸುಮಾರು 25,800 ಜನ ಇದ್ದರು. ಅರ್ಧ ಜನಕ್ಕೆ ಲಸಿಕೆ, ಅರ್ಧ ಜನಕ್ಕೆ ಬರೀ ತೋರಿಕೆಯ ಚುಚ್ಚುಮದ್ದು. ಲಕ್ಷಣ ಇರುವ ಕೋವಿಡ್ ಬಂದವರು ಲಸಿಕೆ ಗುಂಪಿನಲ್ಲಿ 24, ಇನ್ನೊಂದರಲ್ಲಿ 106. ಅದರಿಂದ ಬಂದದ್ದೇ ಶೇ 77.8 ಎಂಬ ಪ್ರಸಿದ್ಧ ಸಂಖ್ಯೆ. ಅಲ್ಲಿ 'ಲಕ್ಷಣ ಇರುವ' ಎಂಬ ಎರಡು ಪದವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಆ ಸಂಖ್ಯೆ ಹೇಳುತ್ತಿದ್ದುದು ಹಾಕಿಸಿಕೊಂಡವರು ಕಾಯಿಲೆ ಬೀಳುವುದು ಎಷ್ಟು ಕಡಿಮೆಯಾಯಿತು ಎಂದು. ಅವರ ಮೂಗಿನಲ್ಲಿ ವೈರಸ್ ಇರುತ್ತದೋ, ಪಕ್ಕದವರಿಗೆ ದಾಟುತ್ತದೋ ಎಂಬುದು ಬೇರೆಯೇ ಪ್ರಶ್ನೆ.

ಇದರ ಕಾರಣವೂ ಕಷ್ಟದ್ದಲ್ಲ. ತೋಳಿಗೆ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿಕಾಯಗಳನ್ನು ಚೆನ್ನಾಗಿ ತಯಾರಿಸುತ್ತದೆ. ಕೋವಿಡ್ ವೈರಸ್ ಮೊದಲು ಬೇರೂರುವುದು ಮೂಗು-ಗಂಟಲಿನ ಒದ್ದೆ ಪದರದಲ್ಲಿ. ಅಲ್ಲಿ ಈ ಕಾವಲು ತೆಳು. ತಿಂಗಳುಗಳು ಕಳೆದಂತೆ ಪ್ರತಿಕಾಯ ಇಳಿಯುತ್ತದೆ, ವೈರಸ್ ರೂಪ ಬದಲಿಸುತ್ತದೆ, ಸೋಂಕು ಒಳಗೆ ನುಸುಳುತ್ತದೆ. ಆದರೆ ಅದು ಶ್ವಾಸಕೋಶಕ್ಕೆ ಇಳಿದು ಅನಾಹುತ ಮಾಡುವ ಮೊದಲು ದೇಹದ ಉಳಿದ ಪಡೆ ಎಚ್ಚೆತ್ತಿರುತ್ತದೆ. ಬಾಗಿಲಲ್ಲಿ ಕಳ್ಳನನ್ನು ತಡೆಯದಿದ್ದರೂ ಕಪಾಟು ಒಡೆಯಲು ಬಿಡುವುದಿಲ್ಲ ಎನ್ನಿ.

ಎಲ್ಲ ಲಸಿಕೆಯೂ ಹೀಗೆ ಅಲ್ಲ. ದಡಾರವನ್ನೇ ನೋಡಿ. ಲಸಿಕೆಯೇ ಇಲ್ಲದ ಊರಿನಲ್ಲಿ ದಡಾರ ಬಂದ ಒಬ್ಬರಿಂದ 12ರಿಂದ 18 ಜನಕ್ಕೆ ಹರಡುತ್ತದೆ. ಎರಡು ಡೋಸ್ ಲಸಿಕೆ ನೂರಕ್ಕೆ 97 ಜನರಲ್ಲಿ ಅದನ್ನು ತಡೆಯುತ್ತದೆ. ಒಂಬತ್ತು ತಿಂಗಳು ತುಂಬದ ಕೂಸುಗಳಿಗೆ ನಮ್ಮಲ್ಲಿ ವಾಡಿಕೆಯಂತೆ ದಡಾರದ ಲಸಿಕೆ ಕೊಡುವುದಿಲ್ಲ, ಅವುಗಳನ್ನು ಕಾಯುವುದು ಸುತ್ತಲಿನ ನಮ್ಮಂಥವರ ತೋಳಿನ ಸೂಜಿ. ಧನುರ್ವಾಯು ಇನ್ನೊಂದು ತುದಿ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದೇ ಇಲ್ಲ. ಟಿಟಿ ಹಾಕಿಸಿಕೊಳ್ಳದಿದ್ದರೆ ಅಪಾಯ ನನಗೆ ಮಾತ್ರ. ಹಾಗಾಗಿ 'ಲಸಿಕೆ ಕಡ್ಡಾಯ ಮಾಡಬೇಕೇ' ಎಂದು ಒಟ್ಟಾರೆ ಕೇಳುವ ಆ ಚೀಟಿಯೇ ತಪ್ಪಾಗಿತ್ತು ಎಂದು ಈಗ ನನ್ನ ಅಭಿಪ್ರಾಯ. ಯಾವ ಲಸಿಕೆ, ಅದು ಯಾರನ್ನು ಕಾಯುತ್ತದೆ ಎಂದು ಮೊದಲು ಕೇಳಬೇಕಿತ್ತು. ಶಾಲೆಗೆ ಸೇರುವ ಮಗುವಿಗೆ ದಡಾರದ ಲಸಿಕೆ ಆಗಿರಲೇಬೇಕು ಎಂದು ಯಾರಾದರೂ ನಿಯಮ ಮಾಡಿದರೆ ನಾನು ಇವತ್ತಿಗೂ ಅವರ ಪರ.

ಇಷ್ಟು ಓದುವಾಗ ಸಿಕ್ಕಿದ್ದು ಸುಪ್ರೀಂ ಕೋರ್ಟಿನ ಒಂದು ತೀರ್ಪು. ಮಕ್ಕಳ ವೈದ್ಯ ಜೇಕಬ್ ಪುಲಿಯೇಲ್ ಹಾಕಿದ್ದ ಕೇಸು, ತೀರ್ಪು ಬಂದದ್ದು 2022ರ ಮೇ 2ರಂದು. ಯಾರನ್ನೂ ಬಲವಂತವಾಗಿ ಲಸಿಕೆ ಹಾಕಿಸಿಕೊಳ್ಳುವಂತೆ ಮಾಡಲಾಗದು, ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯೊಳಗೆ ಬರುತ್ತದೆ ಎಂದಿತು ಕೋರ್ಟು. ಅದೇ ಉಸಿರಿನಲ್ಲಿ, ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ಸಕಾರಣವಾದ ಮಿತಿಗಳನ್ನು ಹಾಕಬಹುದು, ಲಸಿಕೆ ನೀತಿಯಲ್ಲೂ ತಪ್ಪಿಲ್ಲ ಎಂದಿತು. ಹಾಗಾದರೆ ಲಸಿಕೆ ಆಗದವರನ್ನು ಸಾರ್ವಜನಿಕ ಸ್ಥಳಗಳಿಂದ ದೂರ ಇಟ್ಟ ನಿರ್ಬಂಧಗಳು? ಲಸಿಕೆ ಆಗದವರಿಂದ ಹರಡುವ ಅಪಾಯ ಆದವರಿಗಿಂತ ಹೆಚ್ಚು ಎಂದು ತೋರಿಸುವ ಮಾಹಿತಿಯನ್ನು ಯಾವ ಸರ್ಕಾರವೂ ತನ್ನ ಮುಂದೆ ಇಟ್ಟಿಲ್ಲ, ಹಾಗಾಗಿ ಸೋಂಕು ಕಡಿಮೆ ಇರುವಷ್ಟು ಕಾಲ ಆ ನಿರ್ಬಂಧ ಸಲ್ಲದು ಎಂದಿತು. ಲಸಿಕೆಯ ಅಡ್ಡಪರಿಣಾಮದ ವರದಿಗಳು ಜನರಿಗೆ ಸಿಗುವಂತಿರಲಿ ಎಂದೂ ಹೇಳಿತು.

ನಾನು ಮಂಚದ ಮೇಲೆ ಎದ್ದು ಕೂತೆ. ಅಪ್ಪ ಓದಿದ್ದು ಏಳನೇ ಕ್ಲಾಸು.

ದೀಪಾವಳಿ ರಜೆಗೆ ಊರಿಗೆ ಹೋದೆ. ಮೊದಲ ಕೊನೆ ಕೊಯ್ಲು ಆಗಿ ಅಂಗಳದಲ್ಲಿ ರಾಶಿ ಬಿದ್ದಿತ್ತು. ರಾತ್ರಿ ಊಟವಾದಮೇಲೆ ಮೆಟ್ಟುಗತ್ತಿ ಮುಂದೆ ಎಲ್ಲರೂ ಸುಲಿಯಲು ಕೂತಾಗ ಡಿಬೇಟ್ ಕತೆ ಹೇಳಿದೆ. ತೀರ್ಪಿನ ವಿಷಯವನ್ನೂ ಹೇಳಿದೆ. ಅಪ್ಪ ಗೆದ್ದ ನಗೆ ನಗುತ್ತಾರೆ ಎಂದುಕೊಂಡಿದ್ದೆ. 'ಹೌದನಾ' ಎಂದು ಇನ್ನೊಂದು ಅಡಿಕೆ ತೆಗೆದುಕೊಂಡರು.

'ಆದ್ರೂ ಅಪ್ಪ, ನೀವು ಹೇಳ್ತಿದ್ದದ್ದೂ ಪೂರ್ತಿ ಸರಿ ಅಲ್ಲ' ಎಂದೆ.

'ಎಂತಕ್ಕೆ?'

ನಮ್ಮ ಮಷೀನ್ ಲರ್ನಿಂಗ್ ಕ್ಲಾಸಿನಲ್ಲಿ ಬೇಯ್ಸ್ ಪ್ರಮೇಯ ಬರುತ್ತದೆ. ಪರೀಕ್ಷೆಗೆ ಸೂತ್ರ ಬರೆಯುತ್ತೇವೆ, ಲೆಕ್ಕ ಮಾಡುತ್ತೇವೆ, ಮರೆಯುತ್ತೇವೆ. ಅವತ್ತು ಅದನ್ನು ಸೂತ್ರ ಬಿಟ್ಟು ಹೇಳಬೇಕಿತ್ತು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಬಾರದಂತೆ ಅಪ್ಪ ಬೋರ್ಡೊ ದ್ರಾವಣ ಹೊಡೆಸುತ್ತಾರೆ. ಅದನ್ನೇ ಹಿಡಿದೆ. 'ಸಾವಿರ ಮರ ಅಂತ ಇಟ್ಕೊಳ್ಳಿ. ಒಂಬೈನೂರಕ್ಕೆ ಔಷಧಿ ಹೊಡೆಸಿದ್ದೀರಿ, ನೂರು ಬಿಟ್ಟು ಹೋಗಿದೆ. ಕೊಳೆ ಬಂದದ್ದು ಹದಿನಾಲ್ಕು ಮರಕ್ಕೆ. ಅದರಲ್ಲಿ ಒಂಬತ್ತು ಔಷಧಿ ಹೊಡೆದದ್ದು, ಐದು ಹೊಡೆಯದ್ದು. ಹೊಡೆದದ್ದಕ್ಕೇ ಜಾಸ್ತಿ ಬಂತಲ್ಲ, ಔಷಧಿ ದಂಡ ಅಂತೀರಾ?'

ಅಪ್ಪ ತಲೆ ಎತ್ತಲೇ ಇಲ್ಲ. 'ಹೊಡೆದದ್ರಲ್ಲಿ ನೂರಕ್ಕೊಂದು, ಹೊಡೀದೇ ಇದ್ದದ್ರಲ್ಲಿ ನೂರಕ್ಕೈದು. ಇದ್ಕೆ ಇಂಜಿನಿಯರಿಂಗ್ ಓದ್ಬೇಕಾ?'

ಅಮ್ಮ ನಕ್ಕರು. ನಾನು ಬಿಡಲಿಲ್ಲ. ಕೋವಿಡ್ ಆಸ್ಪತ್ರೆಗಳಲ್ಲಿ ಲಸಿಕೆ ಆದವರೇ ಹೆಚ್ಚು ಎಂಬ ಸುದ್ದಿ ಕೇಳಿ ನೀವು ಹೇಳುತ್ತಿದ್ದುದೂ ಇದೇ ಲೆಕ್ಕದ ತಪ್ಪು ಎಂದೆ. ಊರಿನ ಬಹುಪಾಲು ಜನಕ್ಕೆ ಲಸಿಕೆ ಆಗಿದ್ದರೆ, ಕಾಯಿಲೆ ಬಿದ್ದವರ ಪಟ್ಟಿಯಲ್ಲೂ ಅವರೇ ಹೆಚ್ಚು ಕಾಣುತ್ತಾರೆ. ದೊಡ್ಡಪ್ಪನ ವಿಷಯಕ್ಕೂ ಬಂದೆ. ಮಂಗನ ಕಾಯಿಲೆ ಲಸಿಕೆಯ ಮೇಲೆ 1990ರ ದಶಕದ ಆರಂಭದಲ್ಲಿ ನಡೆದ ಅಧ್ಯಯನ, ಎರಡು ಡೋಸ್ ಆದರೆ ಶೇ 90ಕ್ಕೂ ಹೆಚ್ಚು ರಕ್ಷಣೆ ಎಂದಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಅದು ಸುಮಾರು 62ಕ್ಕೆ ಇಳಿದಿತ್ತು, ಬೂಸ್ಟರೂ ಆದವರಲ್ಲಿ ಸುಮಾರು 83. ದೊಡ್ಡಪ್ಪನಿಗೆ ಆಗಿದ್ದು ಒಂದೇ. 2022ರಲ್ಲಿ ರಾಜ್ಯ ಆ ಹಳೆಯ ಲಸಿಕೆ ಕೊಡುವುದನ್ನೇ ನಿಲ್ಲಿಸಿತು, ಅದರ ಶಕ್ತಿ ಕುಂದಿತ್ತು.

'ಅಂದ್ರೆ ಅದು ಸರಿ ಇರ್ಲಿಲ್ಲ ಅಂತ ನಾನು ಹೇಳಿದ್ದೂ ಸುಳ್ಳಲ್ಲ' ಎಂದರು ಅಪ್ಪ.

ಹೌದು, ಸುಳ್ಳಲ್ಲ. ನಾನು ಒಪ್ಪಿಕೊಂಡೆ.

'ಪಕ್ಕದ ತೋಟದವರು ಔಷಧಿ ಹೊಡೆಸದೇ ಇದ್ರೆ ಕೊಳೆ ನಮ್ಮ ತೋಟಕ್ಕೂ ಬರುತ್ತಲ್ಲ, ಆಗೆಂತ ಮಾಡ್ತೀರಿ? ಕಡ್ಡಾಯ ಮಾಡ್ಬೇಕಾ ಬೇಡ್ವಾ?' ಎಂದು ಕೇಳಿದೆ. ಇದು ನನ್ನ ಬ್ರಹ್ಮಾಸ್ತ್ರ, ಬಸ್ಸಿನಲ್ಲೇ ತಯಾರಿಸಿಕೊಂಡು ಬಂದಿದ್ದೆ.

ಅಪ್ಪ ಈ ಸಲ ಕೈ ನಿಲ್ಲಿಸಿದರು. 'ಅವ್ನ ತೋಟಕ್ಕೆ ನಾನು ನುಗ್ಗಿ ಹೊಡೀಲಿಕ್ಕೆ ಆಗುತ್ತಾ? ಎರಡು ವರ್ಷದ ಹಿಂದೆ ಅವ್ನಿಗೆ ಕೊನೆಗೌಡ ಸಿಗ್ಲಿಲ್ಲ. ನಮ್ಮ ಕೊನೆಗೌಡನ್ನೇ ಒಂದು ದಿನ ಕಳ್ಸಿದೆ. ಮೈಲುತುತ್ತಕ್ಕೆ ದುಡ್ಡಿರ್ಲಿಲ್ಲ, ನಮ್ಮನೇದನ್ನೇ ಕೊಟ್ಟೆ. ಹೊಡೆಸ್ದ.' ಸ್ವಲ್ಪ ಹೊತ್ತು ಬಿಟ್ಟು, 'ಎಷ್ಟು ಹೇಳಿದ್ರೂ ಕೇಳ್ದೆ, ಊರಿನ ತೋಟವೆಲ್ಲ ಹಾಳಾಗೋ ಹಂಗಿದ್ರೆ ಅದು ಬೇರೆ. ಆಗ ಊರವ್ರೆಲ್ಲ ಕೂತು ತೀರ್ಮಾನ ಮಾಡ್ಬೇಕು' ಎಂದರು.

ಈ ಮಾತು ಡಿಬೇಟ್‌ನಲ್ಲಿ ಹೊಳೆದಿದ್ದರೆ ಮೊದಲ ಬಹುಮಾನವೇ ಬರುತ್ತಿತ್ತೇನೋ.

ಆದರೂ ಒಂದು ಮುಳ್ಳು ನನ್ನೊಳಗೆ ಉಳಿದಿದೆ, ಅದನ್ನು ಮುಚ್ಚಿಡುವುದಿಲ್ಲ. ಆ ನೋಟಿಸ್ ಬರದೇ ಇದ್ದಿದ್ದರೆ ಅಪ್ಪ ಆ ಒಂದು ಡೋಸನ್ನೂ ಹಾಕಿಸಿಕೊಳ್ಳುತ್ತಿರಲಿಲ್ಲ. ಒಮೈಕ್ರಾನ್ ಬದಲು ಡೆಲ್ಟಾವೇ ಮತ್ತೊಂದು ರೂಪದಲ್ಲಿ ಬಂದಿದ್ದರೆ ಆ ಒಂದು ಡೋಸ್ ಅವರ ಜೀವ ಉಳಿಸಿರಬಹುದಿತ್ತು. ಒತ್ತಾಯಕ್ಕೆ ಫಲವೇ ಇಲ್ಲ ಎಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಆದರೆ ಆ ಒಂದು ಡೋಸ್‌ಗೆ ನಾವು ಕೊಟ್ಟ ಬೆಲೆಯೂ ಇದೆ. ಅಪ್ಪ ಆಮೇಲೆ ಬಿಪಿ ಮಾತ್ರೆ ಬರೆದುಕೊಟ್ಟರೂ 'ಇದ್ಕೂ ಕಾಗದ ಬೇಕನಾ?' ಎಂದು ಕೇಳುವವರಾದರು. ಪಿಎಚ್‌ಸಿಯವರು ಏನೇ ಹೇಳಲಿ, ಅದರ ಹಿಂದೆ ಯಾರದೋ ಟಾರ್ಗೆಟ್ ಇದೆ ಎಂದೇ ಅವರ ನಂಬಿಕೆ.

ಇದು ನನಗೆ ಬರೀ ಹಳೆಯ ಜಗಳವಾಗಿ ಉಳಿಯದೇ ಇರಲು ಕಾರಣ ಮನೆಯ ಹಿಂದಿನ ಕಾಡು. ಡಿಸೆಂಬರ್ ಬಂತೆಂದರೆ ಮತ್ತೆ ಉಣುಗಿನ ಕಾಲ. ಆಶಾ ಅಕ್ಕ ಈಗಲೂ ಬರುತ್ತಾರೆ, ಈಗ ಅವರ ಚೀಲದಲ್ಲಿ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಇರುತ್ತದೆ. ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಿಸುವ ಕೆಲಸದಲ್ಲಿ ಐಸಿಎಂಆರ್ ತೊಡಗಿದೆ. ಅದು ಒಂದು ದಿನ ನಮ್ಮೂರಿಗೂ ಬರುತ್ತದೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ಪಕ್ಕದವರ ಹೆಸರಲ್ಲಿ ಯಾರೂ ಅಪ್ಪನನ್ನು ಒತ್ತಾಯಿಸುವಂತಿಲ್ಲ. ಅದು ಪೂರ್ತಿ ಅವರದೇ ಜೀವದ ಪ್ರಶ್ನೆ. ಅವತ್ತು ಅವರು ಜಗಲಿಯಲ್ಲಿ ಕೂರುತ್ತಾರೋ, ತೋಟಕ್ಕೆ ಇಳಿಯುತ್ತಾರೋ?

ಸುಲಿದು ಏಳುವ ಹೊತ್ತಿಗೆ ಹನ್ನೊಂದಾಗಿತ್ತು. ಹೊಸ ಲಸಿಕೆಯ ವಿಷಯವನ್ನು ಕೊನೆಯಲ್ಲಿ ಮೆಲ್ಲಗೆ ಎತ್ತಿದೆ. ಅಪ್ಪ ಸಿಪ್ಪೆಯನ್ನು ಬುಟ್ಟಿಗೆ ತುಂಬುತ್ತಿದ್ದರು. ಬುಟ್ಟಿ ಎತ್ತಿ ಹೆಗಲಿಗಿಟ್ಟುಕೊಂಡು ಎರಡು ಹೆಜ್ಜೆ ಹೋದವರು ನಿಂತರು.

'ಅದು ಬಂದಾಗ ಎಷ್ಟು ಸಲ ಹಾಕಿಸ್ಬೇಕು, ಎಷ್ಟು ದಿನ ನೋವಿರುತ್ತೆ, ಹಾಕಿಸ್ಕೊಂಡ್ರೂ ನೂರಕ್ಕೆ ಎಷ್ಟು ಜನಕ್ಕೆ ಬರುತ್ತೆ, ಇಷ್ಟು ಕೇಳ್ಕೊಂಡು ಬಾ. ಸುಳ್ಳು ಹೇಳ್ಬಾರ್ದು. ಆಮೇಲೆ ನೋಡಣ.'